ಲವಂಗ ಇಟ್ಟ ಪುಟಗಳು

ಹೋದ ತಿಂಗಳು ಮಸ್ಕತ್ತಿನ ಅಲ್ ಅಜೈಬಾದ ಮನೆ ಖಾಲಿ ಮಾಡಿ ಅಲ್ ಅಮೇರಾತ್‌ಗೆ ಬಂದೆವು. ಹೊಸ ಮನೆಯಲ್ಲಿ ಪುಸ್ತಕದ ಪೆಟ್ಟಿಗೆ ಬಿಚ್ಚಿದ್ದೇ ತಡ, ಲವಂಗದ ವಾಸನೆ ಮೂಗಿಗೆ ಬಡಿಯಿತು. ಮಸಾಲೆ ಡಬ್ಬಿಯನ್ನು ಇದರಲ್ಲೇಕೆ ತುಂಬಿದೆ ಎಂದು ಹೆಂಡತಿಯ ಮೇಲೆ ರೇಗಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆ ದಪ್ಪ ಪುಸ್ತಕ ಕೈಗೆ ಬಂತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿದೆ.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಎಲ್ಲೆಲ್ಲಿ ಒಳ್ಳೆಯ ಊಟ ಸಿಗುತ್ತದೆ ಎಂದು ತಿಳಿಸುವ ಇಂಗ್ಲಿಷ್ ಕೈಪಿಡಿ ಅದು. ನಾನು ಇಂಗ್ಲೆಂಡಿಗೆ ಹೋದವನಲ್ಲ, ಹೋಗುವ ಯೋಚನೆಯೂ ಇಲ್ಲ. ಆದರೆ ಅಲ್ಲಿನ ಯಾವ ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನ ಮಾತ್ರ ಊಟ ಹಾಕುತ್ತಾರೆ, ಯಾವ ತೋಟದ ಮನೆಯಲ್ಲಿ ಬ್ರೆಡ್ಡಿಗೆ ಅಲ್ಲೇ ಕಡೆದ ಬೆಣ್ಣೆ ಕೊಡುತ್ತಾರೆ, ಎಲ್ಲಿಗೆ ಕೆಸರು ಬೂಟಿನಲ್ಲೇ ಹೋಗಬಹುದು ಎಂದು ಕೇಳಿದರೆ ಈಗಲೂ ಹೇಳಬಲ್ಲೆ. ಆಫೀಸಿನಲ್ಲಿ ಒಮ್ಮೆ ಯಾರೋ ರಜೆಗೆ ಅಲ್ಲಿಗೆ ಹೊರಟಾಗ ಹೇಳಿಯೂ ಇದ್ದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದ್ದರು.

ಪುಸ್ತಕದ ಸಂದಿಯಲ್ಲಿ ಅಲ್ಲಲ್ಲಿ ಒಣ ಲವಂಗಗಳಿವೆ. ಅವನ್ನು ಇಟ್ಟವರು ಅಜೈಬಾದ ನಮ್ಮ ಕಟ್ಟಡದ ಕೆಳಗೆ ಕೆಫೆಟೇರಿಯಾ ನಡೆಸುತ್ತಿದ್ದ ಕಾಕಾ. ನಮ್ಮ ಗದಗಿನ ಕಡೆ ಚಿಕ್ಕಪ್ಪನಿಗೆ ಕಾಕಾ ಅನ್ನುತ್ತೇವೆ. ಬಂಟ್ವಾಳದ ಬ್ಯಾರಿಗಳಾದ ಅವರ ಕಡೆಯೂ ಹಿರಿಯರನ್ನು ಹಾಗೇ ಕರೆಯುತ್ತಾರಂತೆ. ಆದ್ದರಿಂದ ಆ ಹೆಸರು ಇಬ್ಬರಿಗೂ ಹಿಡಿಸಿತ್ತು.

ಕೆಫೆಟೇರಿಯಾ ಹಾಕುವ ಮೊದಲು ಅವರು ಹದಿನಾಲ್ಕು ವರ್ಷ ಅಜೈಬಾದಲ್ಲೇ ಒಂದು ಇಂಗ್ಲಿಷ್ ದಂಪತಿಯ ಮನೆಯಲ್ಲಿ ಅಡುಗೆಯವರಾಗಿದ್ದರು. ಆ ದಂಪತಿ ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟಾಗ ಮೇಡಂ ಈ ಪುಸ್ತಕವನ್ನು ಕೊಟ್ಟು ಹೋಗಿದ್ದರು. ನೀನು ಬಂದರೆ ಇಲ್ಲೆಲ್ಲ ಊಟಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ತಮ್ಮ ಊರಿನ ಸುತ್ತಲಿನ ಜಾಗಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಕಾಕಾಗೆ ಇಂಗ್ಲಿಷ್ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಪುಸ್ತಕ ಚಹಾಪುಡಿ ಡಬ್ಬಿಗಳ ಪಕ್ಕದಲ್ಲಿ ವರ್ಷಗಟ್ಟಲೆ ಸುಮ್ಮನೆ ನಿಂತಿತ್ತು.

ನಾನು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸದಲ್ಲಿದ್ದೇನೆ. ದಿನಾ ಬೆಳಿಗ್ಗೆ ಕಂಪನಿ ಬಸ್ಸು ಬರುವ ಮೊದಲು ಕಾಕಾನ ಹತ್ತಿರ ಹಾಲಿಲ್ಲದ ಒಂದು ಸುಲೈಮಾನಿ ಚಹಾ, ಒಂದು ದೋಸೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ ಎಂದು ತಿಳಿದ ಮರುದಿನದಿಂದ ನನಗೆಂದೇ ಒಂದು ಬೇರೆ ಕಾವಲಿ ಗೋಡೆಯ ಮೊಳೆಗೆ ಬಂತು. ಅದರ ಮೇಲೆ ಆಮ್ಲೆಟ್ ಹುಯ್ಯಲು ಬಂದ ಕೆಲಸದವನನ್ನು ಅವರು ಗದರಿದ್ದನ್ನು ನಾನೇ ಕೇಳಿದ್ದೇನೆ. ಸಂಜೆ ಮರಳುವಾಗ ನಾನು ಬಸ್ಸಿನಿಂದ ಇಳಿದವನೇ, "ಊಟ ಆತ್ರೀ ಕಾಕಾ?" ಅನ್ನುತ್ತಿದ್ದೆ. ಅವರು ತಲೆ ಎತ್ತದೆಯೇ, "ಆಯ್ತು. ನಿಮ್ದು?" ಅನ್ನುತ್ತಿದ್ದರು. ಸಂಜೆ ಐದು ಗಂಟೆಗೆ ಎಂಥ ಊಟ? ಆದರೂ ಎಂಟು ವರ್ಷ ನಾವು ಇದನ್ನೇ ಆಡಿದೆವು. ನಮ್ಮ ಜನ ಹೇಗಿದ್ದೀರಿ ಎಂದು ಕೇಳುವುದೇ ಹಾಗೆ.

ಒಂದು ವರ್ಷ ಚಳಿಗಾಲದಲ್ಲಿ ಅವರ ಗಂಟಲಲ್ಲಿ ಏನೋ ಸಿಕ್ಕಿದ ಹಾಗಾಯಿತು. ಮೀನಿನ ಮುಳ್ಳು ಎಂದುಕೊಂಡರು. ಮುಳ್ಳು ಸಿಕ್ಕರೆ ಅನ್ನದ ಉಂಡೆ ನುಂಗುವುದು ಕರಾವಳಿಯ ಪದ್ಧತಿ. ಮೂರು ತಿಂಗಳು ನುಂಗಿದರು. ಮೀನಿನ ಬಗ್ಗೆ ಏನೂ ಗೊತ್ತಿಲ್ಲದ ನಾನೂ ಬಾಳೆಹಣ್ಣು ನುಂಗಿ ನೋಡಿ ಎಂದು ದೊಡ್ಡ ವೈದ್ಯನಂತೆ ಸಲಹೆ ಕೊಟ್ಟೆ. ಮುಳ್ಳು ಮೂರು ತಿಂಗಳು ಅಲ್ಲೇ ಕೂರುತ್ತದೆಯೇ ಎಂದು ಕೇಳುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ಈಗಲೂ ಅದನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಗಂಟಲಿನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯಿತು. ಹೊಟ್ಟೆಗೆ ಒಂದು ನಳಿಗೆ ಇಟ್ಟು, ಅದರಲ್ಲೇ ಸಿರಿಂಜಿನಿಂದ ಹಾಲಿನಂಥ ದ್ರವ ಬಿಡಬೇಕು, ಬಾಯಿಗೆ ನೀರೂ ಕೂಡದು ಎಂದರು ಡಾಕ್ಟರು. ಮುಂದೆ ಆರು ವಾರ ರೇಡಿಯೇಷನ್, ಅದು ಮುಗಿದ ಮೇಲೆ ನುಂಗಲು ಬರುತ್ತದೆಯೋ ಇಲ್ಲವೋ ಎಂಬ ಪರೀಕ್ಷೆ. ಚಿಕಿತ್ಸೆ ಇಲ್ಲಿ ಶುರುವಾಗಿದ್ದರಿಂದ ಮುಗಿಯುವ ತನಕ ಊರಿಗೆ ಹೋಗುವ ಹಾಗಿರಲಿಲ್ಲ. ಕೆಫೆಟೇರಿಯಾವನ್ನು ಪಾಲುದಾರರು ನೋಡಿಕೊಂಡರು. ಕಾಕಾ ಅದರ ಹಿಂದಿನ ಕೋಣೆಯಲ್ಲಿ, ಬೆಳಗಿನಿಂದ ರಾತ್ರಿಯ ತನಕ ಒಗ್ಗರಣೆಯ ವಾಸನೆ ಬರುವ ಜಾಗದಲ್ಲೇ, ಮಲಗಿರುತ್ತಿದ್ದರು.

ಮೊದಲ ಸಲ ನೋಡಲು ಹೋದಾಗ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ನನ್ನ ನಾಲಿಗೆ ತನ್ನ ಕೆಲಸ ಮಾಡಿತು. "ಊಟ ಆತ್ರೀ ಕಾಕಾ?"

ಅವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಪಿಸುದನಿಯಲ್ಲಿ, ಅಷ್ಟೇ ಧ್ವನಿ ಉಳಿದಿತ್ತು ಅವರಿಗೆ, "ಆಯ್ತು. ನಿಮ್ದು?" ಅಂದರು. ಅಂದು ನಕ್ಕರು. ನನಗೆ ನಗಲಾಗಲಿಲ್ಲ.

ಮುಂದಿನ ಶುಕ್ರವಾರ ನಮಾಜಿನ ಹೊತ್ತು ಕಳೆದ ಮೇಲೆ ಹೋದಾಗ ಪುಸ್ತಕ ಅವರ ಹಾಸಿಗೆಯ ಮೇಲಿತ್ತು. "ಸ್ವಲ್ಪ ಓದಿ ಮಾರಾಯ್ರೆ," ಅಂದರು. ಬೇರೇನಾದರೂ ಓದುತ್ತೇನೆ, ಊಟದ ವಿಷಯ ಯಾಕೆ ಎಂದೆ. "ನಮ್ಮ ಊಟದ ನೆನಪಾದ್ರೆ ತಡಿಲಿಕ್ಕೆ ಆಗುದಿಲ್ಲ. ಇದು ಬೇರೆಯವರದ್ದು. ಇದು ಕೇಳ್ಬಹುದು."

ಹಾಗೆ ಶುರುವಾಯಿತು. ಹಂದಿ ಬಂದಲ್ಲೆಲ್ಲ ನಾನು ಸಾಲು ಹಾರಿಸುತ್ತಿದ್ದೆ. ವೈನು, ಬಿಯರು ಬಂದರೂ ಹಾರಿಸುತ್ತಿದ್ದೆ. ಇಂಗ್ಲೆಂಡಿನ ಹಳ್ಳಿಯ ಊಟದಿಂದ ಇಷ್ಟನ್ನು ತೆಗೆದರೆ ಆಲೂಗಡ್ಡೆ, ಬ್ರೆಡ್ಡು, ಸೇಬಿನ ಪೈ ಮಾತ್ರ ಉಳಿಯುತ್ತವೆ. ಎರಡನೇ ವಾರವೇ ಸಿಕ್ಕಿಬಿದ್ದೆ. "ಹಂದಿ ಬಿಟ್ರಿ ಅಲ್ವಾ? ಓದಿ, ಕೇಳಿದ್ರೆ ಹರಾಮ್ ಆಗುದಿಲ್ಲ." ಹುಟ್ಟಾ ಸಸ್ಯಾಹಾರಿಯಾದ ನಾನು ಕುರಿಯ ಮೂತ್ರಪಿಂಡದ ಪೈ ಬಗ್ಗೆ ಓದುವುದು, ಒಂದು ಹನಿ ನೀರೂ ನುಂಗಲಾರದ ಅವರು ಅದನ್ನು ಎಷ್ಟು ಹೊತ್ತು ಬೇಯಿಸಬೇಕೆಂದು ನನಗೆ ತಿಳಿಸಿಕೊಡುವುದು. ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ಜಾಗ ಆರಿಸುವುದರಲ್ಲಿ ಅವರದು ಗಟ್ಟಿ ಅಭಿಪ್ರಾಯ. ಇಪ್ಪತ್ತು ಬಗೆ ಮಾಡುವ ಹೋಟೆಲಿಗೆ "ಖಲಾಸ್, ಮುಂದಿನದ್ದು" ಅನ್ನುತ್ತಿದ್ದರು. ನಾಲ್ಕೇ ಬಗೆ, ಹಿಂದೆಯೇ ತರಕಾರಿ ತೋಟ, ಅಡುಗೆ ಮಾಡುವವರು ಗಂಡ ಹೆಂಡತಿ ಎಂದಿದ್ದರೆ ಕಣ್ಣು ಅರಳುತ್ತಿತ್ತು. ತಲೆದಿಂಬಿನ ಕೆಳಗೆ ಒಂದು ಪೊಟ್ಟಣದಲ್ಲಿ ಲವಂಗ ಇರುತ್ತಿತ್ತು. ಬಾಯಿಗೆ ಹಾಕುವಂತಿಲ್ಲವಲ್ಲ, ಮೂಸಲು ಇಟ್ಟುಕೊಂಡಿದ್ದರು. ಅದರಿಂದ ಒಂದನ್ನು ತೆಗೆದು ಆ ಪುಟದ ಸಂದಿಗೆ ಒತ್ತುತ್ತಿದ್ದರು. ನುಂಗಲು ಬಂದ ಮೇಲೆ ಹೋಗಬೇಕಾದ ಜಾಗ ಎಂದು ಅದರ ಅರ್ಥ. ಹನ್ನೊಂದು ಜಾಗ ಆರಿಸಿದರು. ಆಮೇಲೆ ನಾನು ಬಾಗಿಲಲ್ಲಿ ಕೇಳುವ ಮಾತೂ ಬದಲಾಯಿತು. "ಇವತ್ತು ಎಲ್ಲಿ ಊಟ, ಕಾಕಾ?" ಅನ್ನುವುದನ್ನು ಮೆಟ್ಟಿಲಿಳಿಯುವಾಗಲೇ ಬಾಯಲ್ಲಿ ಸಿದ್ಧ ಮಾಡಿಕೊಂಡು ಹೋಗುತ್ತಿದ್ದೆ, ನಾಲಿಗೆ ಮತ್ತೆ ಕೈಕೊಡಬಾರದೆಂದು.

ನಡುವೆ ರಂಜಾನ್ ಬಂತು. ಹಗಲು ಕೆಫೆಟೇರಿಯಾ ಮುಚ್ಚಿ ಒಗ್ಗರಣೆಯ ವಾಸನೆ ನಿಂತಿತು. ಅವರು ಗೆಲುವಾಗಿದ್ದರು. "ಈಗ ಇಡೀ ಮಸ್ಕತ್ ನನ್ನ ಹಾಗೆ," ಅಂದರು. ಸಂಜೆ ಮಸೀದಿಯಲ್ಲಿ ಬಾಂಗ್ ಆಯಿತು. ಹೊರಗೆ ಖರ್ಜೂರದ ತಟ್ಟೆಗಳ ಸದ್ದು, ಮಾತು, ನಗು... ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಓದುವುದನ್ನು ನಿಲ್ಲಿಸಿದೆ. ಆ ಪುಟದ ಮೇಲೆ ಕೈಯಿಟ್ಟು ಕೂತಿದ್ದೆ.

ಮೊದಲ ತುತ್ತು ಯಾವುದೆಂದು ಅವರು ನಿಶ್ಚಯಿಸಿಯಾಗಿತ್ತು. ಒಂದು ಲವಂಗದ ಪುಟದಲ್ಲಿ ಬ್ರೆಡ್ಡು, ಹಾಲು, ಬೆಣ್ಣೆಯ ಪುಡ್ಡಿಂಗ್ ಇತ್ತು. ಮೇಡಂಗೆ ಅದನ್ನು ಎಷ್ಟೋ ಸಲ ಮಾಡಿ ಬಡಿಸಿದ್ದರಂತೆ, ಮೆತ್ತಗಿರುತ್ತದೆ, ಜಾರುತ್ತದೆ. ಪರೀಕ್ಷೆಯಲ್ಲಿ ಪಾಸಾದರೆ ಆಸ್ಪತ್ರೆಯಲ್ಲೇ ಒಂದು ಚಮಚ ತಿನ್ನುತ್ತೇನೆ ಎಂದರು. ಪುಸ್ತಕವನ್ನು ಮನೆಗೆ ತಂದು ಹೆಂಡತಿಗೆ ಹೇಳಿದೆ. ಅವಳು ಪುಸ್ತಕದ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ತತ್ತಿ ಹಾಕ್ಲಾರದ ಮಾಡ್ತೀನಿ ನೋಡ್ರಿ. ಹೆಂಗ ಬರ್ತದೋ ಏನೋ," ಅಂದಳು. ಏಲಕ್ಕಿ, ಕೇಸರಿ, ತುಪ್ಪ ಬಿದ್ದ ಮೇಲೆ ಅದು ಇಂಗ್ಲೆಂಡಿನದಾಗಿ ಉಳಿಯಲಿಲ್ಲ, ನಮ್ಮ ಮನೆಯ ಹಬ್ಬದ ಸಿಹಿಯಂತೆಯೇ ಆಯಿತು. ಸ್ಟೀಲ್ ಡಬ್ಬಿಯಲ್ಲಿ ತುಂಬಿಸಿ, ಒಂದು ಚಮಚವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಪರೀಕ್ಷೆ ನಡೆಯುವಷ್ಟು ಹೊತ್ತು ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಿಸಿ ಇತ್ತು ಅದು. ಆರುತ್ತಾ ಬಂತು. ಒಳಗಿನಿಂದ ಕೆಮ್ಮು ಕೇಳಿತು, ನಿಲ್ಲದ ಕೆಮ್ಮು. ಡಾಕ್ಟರು ಹೊರಗೆ ಬಂದು ನನ್ನನ್ನು ಸಂಬಂಧಿಕನೆಂದು ತಿಳಿದು ಎಲ್ಲ ವಿವರಿಸಿದರು. ಕೊಟ್ಟದ್ದೆಲ್ಲ ಶ್ವಾಸನಾಳದ ಕಡೆಗೇ ಹೋಗುತ್ತಿದೆ, ಇನ್ನು ನುಂಗಲು ಬರಲಾರದು, ಕಾಯಿಲೆಯೂ ಹಿಡಿತಕ್ಕೆ ಬಂದಿಲ್ಲ, ಊರಿಗೆ ಕಳಿಸುವುದು ಒಳ್ಳೆಯದು. ನಾನು ತಲೆಯಾಡಿಸಿದೆ. ಬೇರೇನು ಮಾಡಲಿಕ್ಕಿತ್ತು?

ಕಾರಿನಲ್ಲಿ ಕೂತ ಮೇಲೆ ಅವರು ಡಬ್ಬಿಯ ಕಡೆ ಕೈ ತೋರಿಸಿದರು. "ತೆಗೀರಿ. ವಾಸನೆ ಮಾತ್ರ."

ತೆಗೆದೆ. ಕಣ್ಣು ಮುಚ್ಚಿ ಮೂಸಿದರು. "ಏಲಕ್ಕಿ ಜಾಸ್ತಿ ಆಯ್ತು. ಮೊಟ್ಟೆ ಹಾಕ್ಲಿಲ್ಲ ಅಲ್ವಾ?" ಇಲ್ಲ ಎಂದೆ. ಡಬ್ಬಿಯನ್ನು ನನ್ನ ಕಡೆ ಸರಿಸಿ, "ನೀವು ತಿನ್ನಿ. ಹೇಗುಂಟು ಹೇಳಿ," ಅಂದರು.

ಬೇಡ ಕಾಕಾ ಎಂದೆ. ಅವರೇ ಚಮಚಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ಅದನ್ನು ನನ್ನ ಕೈಗಿಟ್ಟರು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಆ ಸುಡು ಮಧ್ಯಾಹ್ನದಲ್ಲಿ, ಅವರ ಎದುರು ನಾನು ಒಂದು ತುತ್ತು ಬಾಯಿಗಿಟ್ಟೆ. ಅವರು ನನ್ನ ಬಾಯಿಯನ್ನಲ್ಲ, ಗಂಟಲನ್ನು ನೋಡುತ್ತಿದ್ದರು. ನನಗೆ ನುಂಗಲಾಗಲಿಲ್ಲ. ಏನೂ ಆಗದ, ಗಟ್ಟಿಮುಟ್ಟಾದ ಗಂಟಲು ನನ್ನದು, ಅದು ಮುಚ್ಚಿಕೊಂಡಿತು. ಕೊನೆಗೆ ಹೇಗೋ ಇಳಿಸಿದೆ. ಚೆನ್ನಾಗಿದೆ ಎಂದೆ. ಅದಕ್ಕಿಂತ ಹೆಚ್ಚಿನ ಮಾತು ಬರಲಿಲ್ಲ. ಪುಸ್ತಕದಲ್ಲಿ ಒಂದು ಪುಡ್ಡಿಂಗಿಗೆ ಅರ್ಧ ಪುಟ ಬರೆದಿರುತ್ತಾರೆ. ಅಷ್ಟನ್ನಾದರೂ ಹೇಳಿ ಅವರಿಗೆ ಉಣ್ಣಿಸಬಹುದಿತ್ತು. ನನ್ನ ಕೈಯಲ್ಲಿ ಅದೂ ಆಗಲಿಲ್ಲ.

ಒಂದು ವಾರದೊಳಗೆ ಅವರು ಗಾಲಿಕುರ್ಚಿಯಲ್ಲಿ ಮಂಗಳೂರಿನ ವಿಮಾನ ಹತ್ತಿದರು. "ಬುಕ್ ನಿಮ್ಮತ್ರ ಇರ್ಲಿ. ಹೋದ್ರೆ ಲವಂಗ ಇಟ್ಟಲ್ಲಿಗೇ ಹೋಗಿ," ಎಂದು ಹೇಳಿ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದ್ದರು.

ಮೂರು ವಾರ ಕಳೆದ ಮೇಲೆ ಅವರ ಮನೆಗೆ ಫೋನ್ ಮಾಡಿದೆ. ಎದುರಿಗೆ ಪುಸ್ತಕ ತೆರೆದಿಟ್ಟುಕೊಂಡಿದ್ದೆ, ಅವರು ಎಲ್ಲಿ ಅನ್ನುತ್ತಾರೋ ಅಲ್ಲಿಂದ ಒಂದು ಪುಟ ಓದೋಣ ಎಂದು. ಅವರ ಹೆಂಡತಿ ಫೋನ್ ಎತ್ತಿದರು. ಮಾತು ಪೂರ್ತಿ ನಿಂತಿದೆ, ಆದರೆ ಕಿವಿ ಕೇಳುತ್ತದೆ ಎಂದರು. "ಫೋನ್ ಅವರ ಕಿವಿ ಹತ್ರ ಹಿಡೀತೇನೆ, ಮಾತಾಡಿ."

ಆ ಕಡೆ ಉಸಿರಾಟದ ಸದ್ದು ಕೇಳಿತು. ನನಗೆ ಒಮ್ಮೆಲೇ ಎಂಟು ವರ್ಷದ ಸಂಜೆಗಳೆಲ್ಲ ಒಟ್ಟಿಗೆ ಬಂದಂತಾಯಿತು, ಬಸ್ಸು, ಚಹಾ, ಮೊಳೆಯ ಮೇಲಿನ ನನ್ನ ಕಾವಲಿ... ಬಾಯಿ ತೆರೆದೆ.

"ಊಟ ಆತ್ರೀ ಕಾಕಾ?"

ಅಂದ ಮೇಲೆ ಗೊತ್ತಾಯಿತು. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಆ ಕಡೆ ಉಸಿರು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ನಾನು ಫೋನ್ ಹಿಡಿದುಕೊಂಡೇ ಇದ್ದೆ. ಆಮೇಲೆ ಅವರ ಹೆಂಡತಿಯ ದನಿ ಬಂತು. "ಅವರು ಹೌದು ಅಂತ ತಲೆ ಆಡಿಸಿದ್ರು. ಫೋನಿನ ಕಡೆಗೆ ಕೈ ಕೂಡ ಮಾಡಿದ್ರು, ನಿಮ್ದು ಅಂತ ಕೇಳುವ ಹಾಗೆ. ಎಂತ ಕೇಳಿದ್ದು ನೀವು?"

ನಾನು ಹೇಳಲಿಲ್ಲ. ಹೇಳುವ ಧೈರ್ಯ ಇರಲಿಲ್ಲ. ನಾಲ್ಕನೆಯ ದಿನ ಕಾಕಾ ತೀರಿಕೊಂಡರು. ಅವರಿಗೆ ನಾನು ಆಡಿದ ಕೊನೆಯ ಮಾತು ಅದೇ ಆಗಿ ಉಳಿಯಿತು. ಅವರು ನನ್ನನ್ನು ಕ್ಷಮಿಸಿದರೋ, ಎಂದಿನಂತೆ ಬರೀ ಉತ್ತರ ಕೊಟ್ಟರೋ, ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಅಂದಿನಿಂದ ಯಾರನ್ನು ಕಂಡರೂ ಊಟದ ಮಾತೆತ್ತಲು ನನ್ನ ಬಾಯಿ ಹಿಂಜರಿಯುತ್ತದೆ. ಜನ ನನ್ನನ್ನು ಬಿಗುಮಾನದವನೆಂದು ತಿಳಿದಿದ್ದಾರೆ, ತಿಳಿದುಕೊಳ್ಳಲಿ.

ಹೊಸ ಮನೆಯ ನೆಲದ ಮೇಲೆ ಕೂತು ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವಿದೆ. ಹತ್ತು ಲವಂಗಗಳು ತಮ್ಮ ತಮ್ಮ ಜಾಗದಲ್ಲೇ ಇದ್ದವು. ಹನ್ನೊಂದನೆಯದು ಸಾಮಾನು ಸಾಗಿಸುವಾಗ ಉದುರಿ ಪೆಟ್ಟಿಗೆಯ ತಳಕ್ಕೆ ಬಿದ್ದಿತ್ತು. ಅದು ಯಾವ ಪುಟದ್ದಾಗಿತ್ತು? ಎಲ್ಲವೂ ಬಾಯಿಪಾಠ ಎಂದು ಬೀಗುತ್ತಿದ್ದೆ. ಮೊದಲಿನಿಂದ ಕೊನೆಯ ತನಕ ಎರಡು ಸಲ ನೋಡಿದೆ, ನೆನಪಾಗಲಿಲ್ಲ. ಕೇಳೋಣವೆಂದರೆ ಕೇಳುವುದು ಯಾರನ್ನು?

"ಊಟ ಆರಾಕತ್ತೈತಿ, ಏಳ್ರಿ," ಎಂದು ಒಳಗಿನಿಂದ ಹೆಂಡತಿ ಕರೆದಳು. ಬಂದೆ ಎಂದೆ. ಲವಂಗವನ್ನು ಅಂಗೈಯಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದೆ.