ರಿಲೀವರ್‌ಗೊಂದು ಡಬ್ಬಿ

ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಾತ್ರಿ ಪಾಳಿಯ ವಾಚ್‌ಮನ್ ಇನ್ನೂ ನಿಂತಿದ್ದ. "ರಿಲೀವರ್ ಬಂದಿಲ್ಲ ಮೇಡಂ" ಎಂದ.

ನಮ್ಮಮ್ಮ ಮೊದಲು ಕಲಿತ ಇಂಗ್ಲಿಷ್ ಪದ ಅದೇ. ಪೀಣ್ಯದ ಫ್ಯಾಕ್ಟರಿಯಲ್ಲಿ ಅಪ್ಪನ ಪಾಳಿ ಮಧ್ಯಾಹ್ನ ಎರಡಕ್ಕೆ ಮುಗಿದರೂ, ಮುಂದಿನ ಪಾಳಿಯ ರಿಲೀವರ್ ಬರುವವರೆಗೆ ಮೆಷಿನ್ ಬಿಡುವಂತಿರಲಿಲ್ಲ. ಅಪ್ಪ ಬರದೆ ಅಮ್ಮ ಉಣ್ಣುತ್ತಿರಲಿಲ್ಲ. ನಾಲ್ಕಾದರೂ ಮುದ್ದೆ ಆರುತ್ತಾ ಕೂತಿರುತ್ತಿತ್ತು, ನಾನು ಸೈಕಲ್ ಬೆಲ್ಲಿಗೆ ಕಿವಿಗೊಟ್ಟು ಕೂತಿರುತ್ತಿದ್ದೆ.

"ರೂಮಲ್ಲಿ ಒಬ್ನೇ ಕಣೇ. ಅಡುಗೆ ಮಾಡ್ಕೊಂಡು ತಿಂದು ಬರೋಷ್ಟರಲ್ಲಿ ಲೇಟಾಗತ್ತೆ" ಎಂದು ಒಂದು ದಿನ ಅಪ್ಪ ತಮ್ಮ ರಿಲೀವರ್‌ನ ಪರ ವಹಿಸಿದರು.

"ಹಂಗಾದ್ರೆ ನಾಳೆಯಿಂದ ಎರಡು ಡಬ್ಬಿ ತಗೊಂಡೋಗಿ, ನಿಮ್ಮ ಬೆಳಗಿನ ತಿಂಡಿಗೊಂದು, ಅವನ ಊಟಕ್ಕೊಂದು. ಅಲ್ಲೇ ಬಂದು ಉಣ್ಲಿ" ಎಂದಳು ಅಮ್ಮ.

ಮರುದಿನ ಅವನು ಒಂದೂವರೆಗೇ ಹಾಜರು. ಎರಡೂವರೆಗೆ ಅಮ್ಮ ಬಿಸಿ ಮುದ್ದೆ ಮುರಿಯುತ್ತಿದ್ದಳು. ಅದು ಕರುಣೆಯೋ ಲೆಕ್ಕಾಚಾರವೋ, ನನಗಿನ್ನೂ ಗೊತ್ತಾಗಿಲ್ಲ.

ಇವತ್ತು ನಾನೂ ಚಿತ್ರಾನ್ನ ಕಲಸಿ ಎರಡು ಡಬ್ಬಿ ಹಿಡಿದು ಗೇಟಿಗೆ ಇಳಿದೆ. ಒಂದು ಇವನಿಗೆ, ಇನ್ನೊಂದು ಬರಬೇಕಾದವನಿಗೆ.