ಐದಡಿಯ ಮೇಲೆ

ಬೋಳಾರದ ನಮ್ಮ ಮನೆಗೆ ಈ ವಾರ ಬಣ್ಣ ಬಳಿಸುತ್ತಿದ್ದೇನೆ. ನಿನ್ನೆ ಪೇಂಟರ್ ಮಹಾಶಯ ಹೂಗಿಡದ ಹಸಿ ಮಣ್ಣಿನಲ್ಲಿ ಸ್ಟೂಲ್ ಇಟ್ಟು, ತುಂಬಿದ ಬಕೆಟ್ ಹಿಡಿದು ಹತ್ತಿದ. ಒಂದು ಕಾಲು ಮೆಲ್ಲಗೆ ಮಣ್ಣಿಗೆ ಇಳಿಯಿತು. "ಇಳಿ ಮಾರಾಯ, ಇಳಿ!" ಎಂದು ನಾನು ಹಾಕಿದ ಬೊಬ್ಬೆಗೆ ಪಕ್ಕದ ಮನೆಯವರೂ ಹೊರಗೆ ಬಂದರು.

"ನಿಮಗೆ ಸ್ಟೂಲ್ ಕಂಡರೂ ರಿಗ್ಗೇ," ಎಂದಳು ಹೆಂಡತಿ. ಸುಳ್ಳಲ್ಲ.

ನಾನು ಗಲ್ಫಿನ ಕಡಲಲ್ಲಿ, ಎಣ್ಣೆಬಾವಿ ಕೊರೆಯುವ ಜ್ಯಾಕ್-ಅಪ್ ರಿಗ್ಗಿನಲ್ಲಿ ದುಡಿದವನು. ಮೂರು ಕಾಲಿನ ಭಾರೀ ತೆಪ್ಪ ಎಂದುಕೊಳ್ಳಿ. ಕಾಲುಗಳನ್ನು ಕಡಲ ತಳಕ್ಕೆ ಊರಿ, ಮೈಯನ್ನು ನೀರಿನಿಂದ ಮೇಲೆತ್ತುವುದು. ಆದರೆ ಅದಕ್ಕೆ ಮೊದಲು ಟ್ಯಾಂಕುಗಳಿಗೆ ನೀರು ತುಂಬಿ, ಆ ಭಾರಕ್ಕೆ ತಳದ ಮಣ್ಣು ತಡೆಯುತ್ತದೆಯೇ ಎಂದು ಗಂಟೆಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಐದಡಿಗಿಂತ ಮೇಲೆ ಎತ್ತುವಂತಿಲ್ಲ. ಅಷ್ಟರೊಳಗಿದ್ದರೆ, ಕಾಲು ಕುಸಿದರೂ ನೀರೇ ರಿಗ್ಗನ್ನು ಹಿಡಿದುಕೊಳ್ಳುತ್ತದೆ. ಆ ಅಳತೆ ನೋಡಿ ಹೇಳುವ ಕೆಲಸ ನನ್ನದು.

ರಿಗ್ಗನ್ನು ಎತ್ತುವ ಜ್ಯಾಕ್ ನಡೆಸುತ್ತಿದ್ದವನು ಕಾಟಿಪಳ್ಳದ ಸುಧಾಕರ, ನನ್ನ ಜೀವದ ಗೆಳೆಯ. ಆ ವಾರವೇ ಊರಲ್ಲಿ ಅವನ ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ರಿಗ್ ಎದ್ದು ನಿಂತ ಮೇಲೆಯೇ ರಜೆಯವರಿಗೆ ಹೆಲಿಕಾಪ್ಟರ್.

"ಕಾದರೆ ನಾಳೆ ಆಗ್ತದೆ. ಈಗಲೇ ಎತ್ತುವ. ಕಡಲು ನೋಡು, ಕೆರೆಯ ಹಾಗೆ ಉಂಟು. ಎಂತ ಆಗ್ತದೆ?" ಎಂದ.

ನನಗೂ ಅದೇ ಹೆಲಿಕಾಪ್ಟರಿನಲ್ಲಿ ಸೀಟಿತ್ತು. ಅವನು ಎತ್ತಿದ. ಹನ್ನೆರಡು ಅಡಿ ದಾಟಿದಾಗಲೂ ನಾನು ಮೇಲಿನವರಿಗೆ ಐದು ಎಂದೇ ಹೇಳಿದೆ. ಬ್ಯಾಗ್ ಕಟ್ಟಲೆಂದು ಸುಧಾಕರ ಡೆಕ್ಕಿಗೆ ಇಳಿದಿದ್ದ. ಒಂದು ಕಾಲು ಕುಸಿಯಿತು, ರಿಗ್ ವಾಲಿತು, ಕಬ್ಬಿಣದ ಪೈಪುಗಳೆಲ್ಲ ಅವನ ಮೇಲೆ ಉರುಳಿದವು.

"ಕಡಲು ಜೋರಿತ್ತಾ ಅಣ್ಣ?" ಎಂದು ಅವನ ಹೆಂಡತಿ ವನಜ ಕೇಳಿದಾಗ, "ಭಾರೀ ಜೋರು" ಎಂದುಬಿಟ್ಟೆ. ಥೂ, ನನ್ನ ಜನ್ಮಕ್ಕೆ! ಅಂದಿನಿಂದ ಆ ಮನೆಗೆ ಮೀನು ಬರುವುದಿಲ್ಲ. ಹತ್ತಿರವೇ ಇರುವ ಸುರತ್ಕಲ್ಲಿನ ಕಡಲ ಕಡೆಗೆ ಅವಳು ಮುಖ ಮಾಡುವುದಿಲ್ಲ. ನಾನು ಹೋದಾಗಲೆಲ್ಲ ತರಕಾರಿ ಸಾರಿನ ಊಟ ಬಡಿಸುತ್ತಾಳೆ. ನಾನು ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತೇನೆ.

ರಾತ್ರಿಯಿಡೀ ಆ ಸ್ಟೂಲಿನ ಕಾಲು ಕಣ್ಣಿಂದ ಹೋಗಲಿಲ್ಲ. ಇವತ್ತು ಕಾಟಿಪಳ್ಳಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ.

"ಹಾಗಾದ್ರೆ ಕಡಲು ಸುಮ್ಮನೆ ಇತ್ತಾ?"

"ಇತ್ತು."

"ಇಷ್ಟು ವರ್ಷ ನಾನು ಅದಕ್ಕೆ ಶಾಪ ಹಾಕಿದ್ದು. ನೀವು ಇಲ್ಲೇ ಕೂತು ಉಂಡದ್ದು."

ಒಳಗಿನಿಂದ ಒಗ್ಗರಣೆಯ ಪರಿಮಳ ಬರುತ್ತಿತ್ತು. ಊಟ ಮಾಡಿ ಹೋಗಿ ಎಂದು ಅವಳು ಹೇಳಲಿಲ್ಲ. ಹಸಿದುಕೊಂಡೇ ಬಸ್ಸು ಹತ್ತಿದೆ.