ಸೇರಿನ ಮೇಲಿನ ಹೆಸರು

ಮೊನ್ನೆ ಪಕ್ಕದ ಮನೆಯ ಹುಡುಗಿ ತನ್ನ ಮದುವೆಗೆ ತಂದ ಹಿತ್ತಾಳೆ ಸೇರನ್ನು ನನ್ನ ಕೈಗಿಟ್ಟು, "ಹೆಸ್ರು ಹಾಕ್ಕೊಡಕ್ಕಾ" ಅಂದಳು. ಹೊಸಿಲ ಮೇಲೆ ಅಕ್ಕಿ ತುಂಬಿಟ್ಟು, ಮದುಮಗಳು ಕಾಲಿಂದ ಉರುಳಿಸಿ ಒಳಗೆ ಬರುವ ಸೇರು. ಹಿತ್ತಲ ಕೋಣೆಯಲ್ಲಿರುವ ನನ್ನ ಕೆತ್ತುವ ಮಿಷಿನ್ನಿಗೆ ಸಿಕ್ಕಿಸಿ ಚಾಲೂ ಮಾಡಿದೆ. ಹಿತ್ತಾಳೆ ಪುಡಿಯ ಬಿಸಿ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ... ಹೆಸರು ಹಾಕುವ ತಾತ ನೆನಪಾದರು.

ಶಿರಾದ ಪಾತ್ರೆ ಅಂಗಡಿಯ ಜಗಲಿಯಲ್ಲಿ ಕೂತು, ಸಣ್ಣ ಉಳಿ, ಸುತ್ತಿಗೆ ಹಿಡಿದು ಪಾತ್ರೆಗಳಿಗೆ ಹೆಸರು ಹಾಕುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ಕೆತ್ತಿದ ಗೆರೆಗಳಿಗೆ ಮಸಿ ತುಂಬಿ ಒರೆಸುವ ಕೆಲಸ ಆಕೆಯದು. ಊರವರ ಹೆಸರೆಲ್ಲ ಹಾಕಿದ ತಾತನ ಮನೆಯಲ್ಲಿ ಅಜ್ಜಿಯ ಹೆಸರಿನ ಒಂದು ಲೋಟವೂ ಇರಲಿಲ್ಲ. ಮದುವೆಯಲ್ಲಿ ಆಕೆ ಉರುಳಿಸಿ ಬಂದ ಸೇರೂ ಎರವಲಿನದು.

ಅಜ್ಜಿ ಹಾಸಿಗೆ ಹಿಡಿದ ಮೇಲೆ ತಾತ ನನ್ನ ಮಿಷಿನ್ನಿನ ಸುದ್ದಿ ಕೇಳಿ, ಹೊಸ ಸೇರು ಹಿಡಿದು ಮಧುಗಿರಿಯ ನಮ್ಮ ಮನೆಗೇ ಬಂದರು. ಕೈ ನಡುಗುತ್ತಿತ್ತು.

"ಉಳಿ ನಿಲ್ಲಾಕಿಲ್ಲ ಕಣಮ್ಮ. ನಾನು ಬರ್ದುಕೊಡ್ತೀನಿ, ನಿನ್ ಮಿಷಿನ್ನಲ್ಲಿ ಅಂಗೇ ಕೆತ್ತ್‌ಬುಡು. ಅವ್ಳು ಕಣ್ಣಾರೆ ನೋಡ್ಲಿ."

ಹಾಳೆಯ ಮೇಲೆ ಹೆಂಡತಿಯ ಹೆಸರು ಬರೆದುಕೊಟ್ಟರು.

ನನ್ನ ಮಿಷಿನ್ನಿಗೋ ಚಪ್ಪಟೆ ತಗಡು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಉಳಿ ಪಕ್ಕಕ್ಕೆ ಸರಿಯುವ ಬದಲು ಸೇರೇ ತಿರುಗುವಂತೆ ಅದರ ಸಾಫ್ಟ್‌ವೇರ್ ತಿದ್ದುತ್ತ ಒಂದೂವರೆ ತಿಂಗಳು ಹೋಯಿತು. ಸುತ್ತಳತೆ ತಪ್ಪಿ, ಪರೀಕ್ಷೆಗಿಟ್ಟ ಪೈಪಿನ ತುಂಡಿನ ಮೇಲೆ ಹೆಸರಿನ ಕೊನೆ ಸುತ್ತಿಬಂದು ಮೊದಲಕ್ಷರವನ್ನೇ ಹತ್ತಿ ಕೂತಿದ್ದನ್ನು ಕಂಡು, ವಿಚಾರಿಸಲು ಬಂದಿದ್ದ ತಾತ ನಕ್ಕರು. "ನಡ್ವೆ ಒಂದ್ ಹೆಬ್ಬೆಟ್ಟು ಜಾಗ ಬುಡಮ್ಮ" ಅಂದರು.

ಕೊನೆಗೂ ಲೆಕ್ಕ ಕೂತಿತು. ಆಗ ಯಾರೂ ಹೇಳದ ಕೆಲಸವೊಂದನ್ನು ಮಾಡಿದೆ. ತಾತನ ನಡುಗಿದ ಗೆರೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ನಯ ಮಾಡಿದೆ. ಲಗ್ನಪತ್ರಿಕೆಯ ಅಚ್ಚಿನಂತೆ ಬಂತು. ಉಪಕಾರ ಮಾಡಿದೆನೆಂಬ ಜಂಬ ಬೇರೆ!

ಶಿರಾಕ್ಕೆ ಒಯ್ದು ಕೊಟ್ಟಾಗ ಅಜ್ಜಿ ಸೇರನ್ನು ಎದೆಯ ಮೇಲಿಟ್ಟುಕೊಂಡು ಗೆರೆಗಳ ಮೇಲೆ ಬೆರಳಾಡಿಸಿದರು.

"ಇದ್ಯಾರ್ ಬರ್ದಿದ್ದು?"

"ನಾನೇ ಕಣೇ" ಅಂದರು ತಾತ.

"ಸುಳ್ಳೇಳ್‌ಬ್ಯಾಡಿ. ಇಷ್ಟ್ ವರ್ಸ ಮಸಿ ತುಂಬಿವ್ನಿ, ನಿಮ್ ಕೈ ನಂಗೊತ್ತಿಲ್ವಾ?"

ಸೇರನ್ನು ತಾತನ ಮಡಿಲಲ್ಲೇ ಇಟ್ಟು ಗೋಡೆಯ ಕಡೆ ತಿರುಗಿದರು. ತಾತ ಸೇರನ್ನು ಪಂಚೆಯಂಚಿನಿಂದ ಒರೆಸುತ್ತ ಕೂತರು. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಇನ್ನೊಂದು ಸೇರು ತರುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟರು. ವರ್ಷ ತುಂಬುವ ಮೊದಲೇ ತಾತನೂ...

ಮೊನ್ನೆ ಹುಡುಗಿಯ ಸೇರು ಮುಗಿಸಿದವಳೇ ಆ ಹಾಳೆ ಹುಡುಕಿ ತೆಗೆದೆ. ಅಂದು ತಂದು ಕೆತ್ತದೆ ಇಟ್ಟಿದ್ದ ಆ ಇನ್ನೊಂದು ಸೇರಿನ ಮೇಲೆ, ಒಂದು ಗೆರೆಯನ್ನೂ ತಿದ್ದದೆ, ತಾತ ಬರೆದ ಹಾಗೇ ಕೆತ್ತಿದೆ. ನಡುಕವೆಲ್ಲ ಬಂತು. ಹೆಬ್ಬೆಟ್ಟು ಜಾಗವೂ ಸರಿಯಾಗಿ ಉಳಿಯಿತು. ಮಸಿ ತುಂಬಿ ಒರೆಸುತ್ತ ಅತ್ತುಬಿಟ್ಟೆ. ಅವತ್ತು ಆ ನಯ ಮಾಡುವ ಗುಂಡಿಯೊಂದನ್ನು ಒತ್ತದೆ ಬಿಟ್ಟಿದ್ದರೆ ಸಾಕಾಗಿತ್ತು.